ಮಾವನಿಗೊಬ್ಬ ಶತ್ರು ಬೇಕಾಗಿದ್ದಾನೆ

ನಮ್ಮ ಮಾವನಷ್ಟು ಸಾಧುವಾದ ಬಂದೂಕುಧಾರಿ ಹಲಸೂರಿನಲ್ಲಿ ಮತ್ತೊಬ್ಬರಿಲ್ಲ. ನೊಣ ಬಂದರೂ ‘ಹೋಗಮ್ಮಾ’ ಎಂದು ಬೀಳ್ಕೊಡುವ ಮನುಷ್ಯ!

ಮಾವ ಎಂದರೆ ನನ್ನ ಹೆಂಡತಿಯ ತಂದೆ. ಸ್ವಂತ ಲೈಸೆನ್ಸಿನ ಜೋಡುನಳಿಗೆ ಬಂದೂಕು ಹಿಡಿದು ಬ್ಯಾಂಕಿನ ಬಾಗಿಲಲ್ಲಿ ನಿಂತೇ ರಿಟೈರ್ ಆದವರು. ಅಷ್ಟು ವರ್ಷಗಳಲ್ಲಿ ಅದರಿಂದ ಒಂದು ಗುಂಡೂ ಹಾರಲಿಲ್ಲ. ಗಿರಾಕಿಗಳ ಒದ್ದೆ ಛತ್ರಿ ನೇತುಹಾಕಲು ಮಾತ್ರ ಬಹಳ ಉಪಯೋಗಕ್ಕೆ ಬಂತಂತೆ! ಆಯುಧಪೂಜೆಯ ದಿನ ಅದಕ್ಕೆ ಅರಿಶಿನ, ಕುಂಕುಮ, ಎರಡೂ ನಳಿಗೆಗೆ ಸೇವಂತಿಗೆ. ಒಮ್ಮೆ ಠಾಣೆಯಲ್ಲಿ ತಪಾಸಣೆಗೆಂದು ಬಗ್ಗಿಸಿದರೆ ಒಣ ಹೂವು ಉದುರಿತು.

“ಏನ್ರೀ ಇದು, ತೋಟಾನಾ?” ಎಂದರು ಇನ್ಸ್‌ಪೆಕ್ಟರ್.

“ಪ್ರಸಾದ, ಸಾರ್. ಕಣ್ಣಿಗೊತ್ಕೊಳ್ಳಿ!”

ಮಾವನ ಸಂಕಟ ಒಂದೇ. ಚುನಾವಣೆ ಬಂದರೆ ಬಂದೂಕನ್ನು ಠಾಣೆಗೆ ಒಪ್ಪಿಸಬೇಕು. ಹೋದ ಸಲ ಅದನ್ನು ರೌಡಿಗಳ ಲಾಂಗುಗಳ ಪಕ್ಕ ಒರಗಿಸಿಟ್ಟಿದ್ದು ಕಂಡು ಊಟ ಬಿಟ್ಟಿದ್ದರು. ಈ ಸಲ ಚುನಾವಣೆ ಘೋಷಣೆಯಾದದ್ದೇ ತಡ, ರಾಮಮೂರ್ತಿ ನಗರದ ನನ್ನ ವೆಲ್ಡಿಂಗ್ ಅಂಗಡಿಗೆ ಬಂದು ನಿಂತರು.

“ಅಳಿಯಂದಿರೇ, ಹೈಕೋರ್ಟಿಗೆ ಹೋಗ್ತೀನಿ. ನಾನೇನು ರೌಡಿನಾ?”

ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಆದರೇನು? ನಾನು ಬೆಸೆದ ಗೇಟು ಬಿಟ್ಟುಕೊಂಡದ್ದನ್ನು ಯಾರಾದರೂ ತೋರಿಸಲಿ ನೋಡೋಣ! ಅಂಥ ಕೆಲಸ ನಿಲ್ಲಿಸಿ, ಮಾವನನ್ನು ಕುಕ್ ಟೌನಿನ ವಕೀಲರ ಬಳಿಗೆ ಕರೆದೊಯ್ದೆ.

ವಕೀಲರು ಕೇಳಿದರು. “ಗನ್ ಮನೇಲೇ ಬೇಕು ಅಂದ್ರೆ ಪ್ರಾಣಭಯ ತೋರಿಸ್ಬೇಕು, ಯಜಮಾನ್ರೇ. ನಿಮ್ಮ ಶತ್ರು ಯಾರು?”

ಮಾವ ಬಹಳ ಹೊತ್ತು ಯೋಚಿಸಿದರು. ಒಬ್ಬನೂ ಹೊಳೆಯಲಿಲ್ಲ!

ಅಲ್ಲಿಂದ ಶುರುವಾಯಿತು ಶತ್ರು ಬೇಟೆ. ಕೆಳಗಿನ ಮನೆಯ ತಮಿಳಮ್ಮನ ಜೊತೆ ನೀರಿಗಾಗಿ ಜಗಳ ತೆಗೆದರು. ಆಕೆ “ಪಾವಂ, ಬಿಸಿಲಿಗೆ ತಲೆ ಸುತ್ತಿರ್ಬೇಕು” ಎಂದು ಮಜ್ಜಿಗೆ ಕೊಟ್ಟಳು. ಕೊನೆಗೆ ಶಿವಾಜಿನಗರದಲ್ಲಿ ಅತ್ತರು ಮಾರುವ ಹಳೆಯ ಗೆಳೆಯ ಸಾಬರ ಮುಂದೆ ಕೈಮುಗಿದರು.

“ನೀನಾದ್ರೂ ನನ್ನ ಶತ್ರು ಆಗೋ, ಮಾರಾಯ.”

“ಅರೇ, ಆಗ್ತೀನಿ ಬಿಡು! ಪೇಪರ್ ಮೇಲೆ ದುಶ್ಮನ್. ಆದ್ರೆ ಸಾಯಂಕಾಲ ಚಾಯ್‌ಗೆ ತಪ್ಪಿಸ್ಬೇಡ, ಹಾಂ?”

ಅಂತೂ ಸಿಕ್ಕ ಈ ಶತ್ರುವನ್ನು ಹೆಗಲ ಮೇಲೆ ಕೈಹಾಕಿಕೊಂಡೇ ವಕೀಲರ ಮುಂದೆ ಹಾಜರುಪಡಿಸಿದರು! ವಕೀಲರು ಬಿದ್ದುಬಿದ್ದು ನಕ್ಕರು. ಆಮೇಲೆ ಕನ್ನಡಕ ತೆಗೆದರು.

“ಶತ್ರು ಬಿಡಿ, ಇನ್ನೊಂದು ದಾರಿ ಇದೆ. ಡ್ಯೂಟಿಲಿರೋ ಬ್ಯಾಂಕ್ ಕಾವಲಿನವರಿಗೆ ವಿನಾಯಿತಿ ಉಂಟಲ್ಲ, ನಮಗ್ಯಾಕಿಲ್ಲ ಅಂತ ಕೇಳೋಣ. ಗೆದ್ರೆ ಗನ್ ನಿಮ್ಮನೇಲಿ. ಸೋತು, ಕೋರ್ಟೇ ‘ಸರಿ, ಹಂಗಾದ್ರೆ ಅವರಿಗೂ ಬೇಡ’ ಅಂದ್ಬಿಟ್ರೆ? ಅದು ನಿಮ್ಮೊಬ್ಬರ ಸೋಲಲ್ಲ.”

ಮಾವ “ಗೆದ್ದೇ ಗೆಲ್ತೀವಿ!” ಎಂದು ಎದ್ದರು. ಗುರುವಾರ ಬಂದು ಸಹಿ ಹಾಕುವುದೆಂದಾಯಿತು.

ಬುಧವಾರ ಸಂಜೆ ನಾನೂ ಹೆಂಡತಿಯೂ ಮಾವನ ಮನೆಯಲ್ಲಿದ್ದಾಗ, ಅವರಿಂದ ಕಾವಲು ಕೆಲಸ ಕಲಿತ ಶಿಷ್ಯನೊಬ್ಬ ಬಂದ. ಯಾದಗಿರಿ ಕಡೆಯವನು, ನನ್ನದೇ ವಯಸ್ಸು. ಕಗ್ಗದಾಸಪುರದಲ್ಲಿ ಹೆಂಡತಿ ಮಕ್ಕಳೊಂದಿಗೆ ಒಂದೇ ಕೋಣೆಯ ಬಾಡಿಗೆ ಮನೆ. ಸ್ವಂತ ಬಂದೂಕು ಹಿಡಿದು ಬ್ಯಾಂಕಿನ ದುಡ್ಡಿನ ವ್ಯಾನು ಕಾಯುತ್ತಾನೆ. ಕೇಸಿನ ಸುದ್ದಿ ಹೇಗೋ ಅವನಿಗೆ ಮುಟ್ಟಿತ್ತು.

“ಹಾಕ್ರಿ ಸರ, ಕೇಸ್ ಹಾಕ್ರಿ. ನಾವೆಲ್ಲಾ ನಿಮ್ಮ ಹಿಂದ ಅದೀವಿ.”

ಮಾವ ಮೀಸೆ ತಿರುವುತ್ತಿದ್ದವರು ನಿಲ್ಲಿಸಿದರು. “ಎಲೆಕ್ಷನ್ ಮುಗಿಯೋವರ್ಗೂ ನಿನ್ನ ಗನ್ನೂ ಇಟ್ಕೊಂಡ್ಬಿಟ್ರೆ ಏನ್ ಮಾಡ್ತೀಯೋ?”

“ಗನ್ ಇಲ್ಲಂದ್ರ ಡ್ಯೂಟಿ ಇಲ್ರಿ. ಇರ್ಲಿ ಬಿಡ್ರಿ ಸರ, ನಿಮ್ಮ ಮರ್ಯಾದಿಗಿಂತ ಅದೇನ್ ದೊಡ್ಡದ್ರಿ?”

ಒಳಗೆ ನನ್ನ ಹೆಂಡತಿ ಒಗ್ಗರಣೆ ಹಾಕಿದಳು. ಮಾವ ಇದ್ದಕ್ಕಿದ್ದಂತೆ ಮೊಣಕಾಲು ಹಿಡಿದುಕೊಂಡು ನರಳಿದರು.

“ಅಯ್ಯೋ, ಕೇಸ್ ಯಾವನು ಹಾಕ್ತಾನಪ್ಪಾ? ಮಂಡಿ ನೋವು! ಕೋರ್ಟ್ ಮೆಟ್ಲು ಹತ್ತೋಕಾಗಲ್ಲ ಅಂತ ಮೊನ್ನೇನೇ ಕೈಬಿಟ್ಟೆ. ಊಟ ಮಾಡ್ಕೊಂಡು ಹೋಗು.”

ಅವನು ನಂಬಿದ. ಮಂಡಿಗೆ ಎಣ್ಣೆ ಬೇರೆ ತಿಕ್ಕಿಕೊಟ್ಟು, ಉಂಡು ಹೋದ.

ಮರುದಿನ ಬೆಳಿಗ್ಗೆ ಮಾವ ಬಂದೂಕನ್ನು ಮೃದುವಾದ ಪಂಚೆಯಲ್ಲಿ ಸುತ್ತಿ, ಎದೆಗಪ್ಪಿಕೊಂಡು ಠಾಣೆಗೆ ಹೊರಟರು. “ಹತ್ತಿ ಮಾವ” ಎಂದು ಸ್ಕೂಟರ್ ನಿಲ್ಲಿಸಿದೆ. ಬೇಡವೆಂದು ತಲೆಯಾಡಿಸಿ, ನೇರ ಬೆನ್ನಿನಲ್ಲಿ ದಾಪುಗಾಲು ಹಾಕಿದರು. ನಾನು ಇಂಜಿನ್ ಆಫ್ ಮಾಡಿ, ಸ್ಕೂಟರ್ ತಳ್ಳಿಕೊಂಡು ಅವರ ಪಕ್ಕದಲ್ಲೇ ನಡೆದೆ.