ಊರಲ್ಲಿಲ್ಲದ ನಲವತ್ತು ಸದಸ್ಯರು

ಕಂಪ್ಯೂಟರ್ ಬಂದ ಮೇಲೆ ಕೆಲಸ ಬೇಗ ಆಗುತ್ತದೆ ಎನ್ನುತ್ತಾರೆ. ಫಜೀತಿಯೂ ಬೇಗ ಆಗುತ್ತದೆ. ಕಲಬುರ್ಗಿಯ ಬ್ರಹ್ಮಪುರದಲ್ಲಿ ನಾನು ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಅಂಗಡಿ ಇಟ್ಟಿದ್ದೆ. ವಾರಕ್ಕೊಂದು ಫಜೀತಿ ತಪ್ಪುತ್ತಿರಲಿಲ್ಲ.

ಕಮಲಾಪುರದ ಬಾಳೆ ಬೆಳೆಗಾರರ ಸಂಘಕ್ಕೆ ಒಂದು ಪ್ರೋಗ್ರಾಂ ಬೇಕಿತ್ತು. ಸದಸ್ಯ ಇಮೇಲ್ ಕೊಡಬೇಕು, ಆ ವಿಳಾಸಕ್ಕೆ ಪತ್ರ ಹೋಗಬೇಕು, ಅವನು ತೆರೆದು ಒತ್ತಿದರೆ ಹೆಸರು ಸೇರಬೇಕು. ಒಂದು ವಿಳಾಸಕ್ಕೆ ಒಬ್ಬನೇ. ಪರೀಕ್ಷೆಗೆ ನಲವತ್ತು ವಿಳಾಸ ಬೇಕು. ಓಣಿಯಲ್ಲಿ ಇಮೇಲ್ ಇದ್ದವನು ನಾನೊಬ್ಬ. ಸೋಮವಾರ ತೋರಿಸದಿದ್ದರೆ ಕೆಲಸ ಹೈದರಾಬಾದಿನವರಿಗೆ ಎಂದು ಅಧ್ಯಕ್ಷರು ಹೇಳಿದ್ದರು. ನನ್ನ ಕೈಯಲ್ಲಿ ಬೇರೆ ಕೆಲಸ ಇರಲಿಲ್ಲ.

೧. ತಬಿಯತ್ತು

ಬೇರೆ ಬೇರೆ ಹೆಸರಿನಲ್ಲಿ ಪುಕ್ಕಟೆ ಇಮೇಲ್ ಮಾಡಲು ನಮ್ಮ ಟೈಪಿಸ್ಟ್ ಹೆಣ್ಣುಮಗಳನ್ನು ಮೋಮಿನಪುರದ ಇಂಟರ್ನೆಟ್ ಅಂಗಡಿಗೆ ಕಳಿಸಿದೆ. ಮಧ್ಯಾಹ್ನ ಅಂಗಡಿಯ ಸಾಹೇಬರ ಫೋನು.

"ಸಾಬ್, ನಿಮ್ಮ ಟೈಪಿಸ್ಟ್ ಬಾಯಿ ಮುಂಜಾನೆ ಶಾಂತಾಬಾಯಿ ಇದ್ರು. ಆಮ್ಯಾಲ ಮಲ್ಲಪ್ಪ ಆದ್ರು. ಈಗ ಬಸಣ್ಣ ಆಗಾಕತ್ತಾರ. ತಬಿಯತ್ ಠೀಕ್ ಅದ ಏನ್ರೀ?"

"ಠೀಕ್ ಅದ. ಇನ್ನೂ ಮೂವತ್ತೇಳು ಮಂದಿ ಆಗೋದದ."

ಅವರು ಫೋನಿಟ್ಟು ಆಕೆಗೆ ನಿಂಬೆ ಶರಬತ್ತು ತರಿಸಿಕೊಟ್ಟರಂತೆ.

೨. ಮದುವೆ

ಸಂಜೆ ಬಂದಳು. ಆದದ್ದು ಹನ್ನೊಂದು.

"ಇಷ್ಟ ಏನವಾ?"

"ಫಾರ್ಮಿನ್ಯಾಗ ಲಗ್ನ ಆಗ್ಯಾದೋ ಇಲ್ಲೋ ಕೇಳ್ತದ ಸರ್. ಒಬ್ಬಾಕಿಗೆ ಗುರುತಿನ ಚುಕ್ಕಿ ತಪ್ಪಿ ವಿಧವೆ ಅಂತ ಬಿತ್ತು. ಬರೇ ಇಪ್ಪತ್ತಾರು ವಯಸ್ಸು. ಮನಸ್ಸು ತಡೀಲಿಲ್ಲ. ಎಲ್ಲಾ ಅಳಿಸಿ ಹೊಸದಾಗಿ ಲಗ್ನಾ ಮಾಡಿದೆ."

"ಯಾರ ಜೋಡಿ?"

"ಮಲ್ಲಪ್ಪನ ಜೋಡಿ. ಅವಂಗೂ ಯಾರೂ ಇರಲಿಲ್ಲ."

೩. ಕಾಗದ

ಸಂಘದ ಹೆಸರಿನಲ್ಲಿ ವೆಬ್ ವಿಳಾಸ ಮೊದಲೇ ಕೊಂಡಿದ್ದೆವು. ಕೊಟ್ಟವರು ಒಂದು ಕಾಗದವನ್ನೂ ಕಳಿಸಿದ್ದರು. ಅವತ್ತು ಓದಿದೆ. ನಮ್ಮ ವಿಳಾಸದ ಮುಂದೆ ಯಾವ ಹೆಸರು ಬರೆದರೂ ಪತ್ರ ಒಂದೇ ಡಬ್ಬಿಗೆ ಬರುತ್ತದೆ ಎಂದಿತ್ತು. ಫಾರ್ಮು ಬೇಡ, ಲಗ್ನ ಬೇಡ, ಖರ್ಚೂ ಇಲ್ಲ. ಉಳಿದ ಇಪ್ಪತ್ತೊಂಬತ್ತು ಮಂದಿ ಹತ್ತು ನಿಮಿಷದಲ್ಲಿ ಹುಟ್ಟಿದರು. ಮೊದಲಿನ ಹನ್ನೊಂದನ್ನೂ ಅದೇ ಡಬ್ಬಿಗೆ ತಂದೆ.

"ಈ ಕಾಗದ ಬಂದು ತಿಂಗಳಾತಲ್ರೀ ಸರ್. ನಿಮ್ಮ ಚಹಾದ ಕಪ್ಪಿನ ಕೆಳಗ ಇತ್ತು," ಎಂದಳು.

ನಾನು ಕಪ್ಪನ್ನು ಆಚೆ ಇಟ್ಟೆ.

೪. ಪಾರ್ಟಿ

ಸೋಮವಾರ ಕಂಪ್ಯೂಟರನ್ನು ಚಾದರದಲ್ಲಿ ಸುತ್ತಿ ಬಸ್ಸಿನಲ್ಲಿ ಕಮಲಾಪುರಕ್ಕೆ ಒಯ್ದೆ. ಸಂಘದ ಆಫೀಸಿನಲ್ಲಿ ಚಾಲೂ ಮಾಡಿದೆ. ಸಂಘ ಕೊಟ್ಟಿದ್ದ ಖರೇ ಸದಸ್ಯರ ಪಟ್ಟಿಯ ಕೆಳಗೆ ನನ್ನ ನಲವತ್ತು ಹೆಸರೂ ಬಂದವು. ಅಳಿಸಲು ಮರೆತಿದ್ದೆ.

ಅಧ್ಯಕ್ಷರು ಕನ್ನಡಕ ಏರಿಸಿ ಓದಿ ಎದ್ದು ನಿಂತರು. ಮುಂದಿನ ತಿಂಗಳು ಸಂಘದ ಚುನಾವಣೆ.

"ಈ ಮಲ್ಲಪ್ಪ ಯಾರು? ನಾ ಕಾಣದ ಮಲ್ಲಪ್ಪ ಈ ಊರಾಗ ಯಾರದಾನ? ಎದುರು ಪಾರ್ಟಿಯವರು ನಿಮ್ಮ ಕಡಿಂದ ನಲವತ್ತು ಓಟು ತುರುಕ್ಯಾರ! ಎತ್ತರೀ ನಿಮ್ಮ ಪೆಟಗಿ. ಹೈದರಾಬಾದಿನವರನ್ನ ಕರಸ್ತೀನಿ."

"ಇವರು ಯಾರೂ ಇಲ್ರೀ. ನಾನೇ ಮಾಡಿದ್ದು. ನಲವತ್ತು ಮಂದಿಗೆ ಪತ್ರ ಹಾಕಿದ್ರೂ ನನಗೊಬ್ಬಗ ಬರ್ತದ. ನಾ ಹೂಂ ಅಂದ್ರ ಎಲ್ಲಾರೂ ಹೂಂ."

ಅಧ್ಯಕ್ಷರು ಮತ್ತೆ ಕುಳಿತರು.

"ಎಲ್ಲಾರೂ?"

"ಎಲ್ಲಾರೂ."

"ಜಗಳಾ ಆಡಂಗಿಲ್ಲ?"

"ಇಲ್ಲ."

"ಮೀಟಿಂಗಿಗೆ ಬಂದು ಉಪ್ಪಿಟ್ಟು ಸಾಲಲಿಲ್ಲ ಅನ್ನಂಗಿಲ್ಲ?"

"ಇಲ್ರೀ."

ಪೆನ್ನು ತೆಗೆದು ಕರಾರಿಗೆ ಸಹಿ ಹಾಕಿದರು.

"ಕೆಲಸ ನಿಮ್ದು. ಇವರನ್ನ ಮಾತ್ರ ಅಳಿಸಬ್ಯಾಡ್ರಿ. ಜಾಗಾ ಸಾಲಲಿಲ್ಲಂದ್ರ ಮ್ಯಾಲಿನ ಖರೇ ಮಂದೀನ ಅಳಿಸ್ರಿ."