ಗುಲ್ಬರ್ಗದ ಸೊಕ್ಕು, ತಿಪ್ಪಸಂದ್ರದ ಬಿಸಿಲು

ಬಿಸಿಲಿನ ವಿಷಯದಲ್ಲಿ ನಮಗೆ ಗುಲ್ಬರ್ಗದವರಿಗೆ ಸ್ವಲ್ಪ ಸೊಕ್ಕು ಇದೆ. ಬೇರೆಯವರು ತಮ್ಮೂರಿನ ಅರಮನೆ, ಜಲಪಾತ ಎಂದು ಹೇಳಿಕೊಂಡರೆ ನಾವು ಬಿಸಿಲನ್ನೇ ಮುಂದಿಟ್ಟುಕೊಂಡು ಮೀಸೆ ತಿರುವುತ್ತೇವೆ. ಬೆಂಗಳೂರಿನ ಹೊಸ ತಿಪ್ಪಸಂದ್ರದ ಬಾಡಿಗೆ ಮನೆಗೆ ಬಂದ ಮೇಲೂ ಅಷ್ಟೆ. ಏಪ್ರಿಲ್‌ನಲ್ಲಿ ಪಕ್ಕದ ಮನೆಯವರು "ಅಯ್ಯೋ, ಏನ್ ಸೆಕೆ ಸಾರ್" ಎಂದರೆ ನಾನು ಸ್ವೆಟರ್ ಹುಡುಕುವವನಂತೆ ನಟಿಸುತ್ತಿದ್ದೆ.

ಈ ಸೊಕ್ಕಿಗೆ ಸಿಕ್ಕಿ ನರಳಿದ್ದು ಬೆಳ್ಳಿ, ನನ್ನ ಹೆಂಡತಿ ಶಾಂತಾ ಸಾಕಿದ ಪೊಮೇರಿಯನ್ ನಾಯಿ. ಮೈತುಂಬ ಉಣ್ಣೆಯಂಥ ಬಿಳಿ ಕೂದಲು. ದಪ್ಪಗಾಗಿದೆ ಎಂದು ಒಂದು ಭಾನುವಾರ ನಡುಮಧ್ಯಾಹ್ನ ಅದನ್ನು ಓಡಿಸಲು ಹೊರಟೆ. "ಇಷ್ಟ್ ಬಿಸಲಾಗ ಬ್ಯಾಡ್ರಿ" ಎಂದಳು ಶಾಂತಾ. "ಇದೂ ಒಂದ್ ಬಿಸಲೇನ?" ಎಂದೆ. ಮಾರ್ಕೆಟ್ ರಸ್ತೆ ಮುಗಿಯುವಷ್ಟರಲ್ಲಿ ಬೆಳ್ಳಿ ನಾಲಿಗೆ ಜೋತುಬಿಟ್ಟು, ಏದುಸಿರು ಬಿಡುತ್ತ ಎಚ್ಚರತಪ್ಪಿ ಬಿದ್ದೇಬಿಟ್ಟಿತು. ಎತ್ತಿಕೊಂಡರೆ ಮೈ ಕಾದ ಹಂಚು. ಎದೆಗವಚಿಕೊಂಡು ಮನೆಗೆ ಓಡಿದೆ.

ಮನೆಗೆ ತಂದಾಗ ಶಾಂತಾ ಬೈಯಲಿಲ್ಲ. ಅಳುತ್ತಲೇ ನಮ್ಮೂರ ಮದ್ದು ಶುರುಮಾಡಿದಳು. ಬಿಸಿಲು ಬಡಿದವರ ಅಂಗಾಲಿಗೆ ಈರುಳ್ಳಿ ಜಜ್ಜಿ ತಿಕ್ಕುವುದು ನಮ್ಮ ಕಡೆಯ ರೂಢಿ. ಮನುಷ್ಯನಿಗೆ ಎರಡು ಅಂಗಾಲು, ನಾಯಿಗೆ ನಾಲ್ಕು. ಹಾಗಾಗಿ ಬುಟ್ಟಿಯೇ ಖಾಲಿಯಾಯಿತು. ಆಟೋ ಹಿಡಿದು ಇಂದಿರಾನಗರದ ನಾಯಿ ಡಾಕ್ಟರ ಬಳಿ ತಲುಪಿದಾಗ ಮೂವರೂ ಭಜಿ ಅಂಗಡಿಯಿಂದ ಎದ್ದು ಬಂದಂತೆ ನಾರುತ್ತಿದ್ದೆವು.

ಡಾಕ್ಟರಮ್ಮನಿಗೆ ವಾಸನೆ ಬಡಿದದ್ದೇ ಗಾಬರಿ. "ಈರುಳ್ಳಿ ತಿನ್ಸಿದ್ದೀರಾ? ನಾಯಿಗೆ ಅದು ವಿಷ!"

"ತಿನ್ಸಿಲ್ರೀ ಮೇಡಮ್, ಅಂಗಾಲಿಗೆ ತಿಕ್ಕೀವಿ" ಎಂದಳು ಶಾಂತಾ.

"ಎಚ್ಚರ ಆದ್ರೆ ಮೊದ್ಲು ಕಾಲೇ ನೆಕ್ಕುತ್ತಲ್ರೀ ಅದು!"

ಹಾಗೆನ್ನುತ್ತಲೇ ಮೈಗೂ ಪಾದಗಳಿಗೂ ನಲ್ಲಿ ನೀರು ಸುರಿದು, ಫ್ಯಾನ್ ತಿರುಗಿಸಿ, ಮೂಗಿಗೆ ಆಮ್ಲಜನಕ ಹಿಡಿದು, ಮುಂಗಾಲಿಗೆ ಡ್ರಿಪ್ ಏರಿಸಿದರು. "ಈಗ್ಲೇ ಏನೂ ಹೇಳಕ್ಕಾಗಲ್ಲ" ಎಂದೂ ಹೇಳಿದರು. ಬೆಳ್ಳಿ ಉಳಿಯದಿದ್ದರೆ ಶಾಂತಾಳ ಮುಖ ನೋಡುವುದು ಹೇಗೆ ಎಂದು ಮೊದಲು ಹೆದರಿಕೆಯಾಯಿತು. ಆಮೇಲೆ, ಬೆಳ್ಳಿಯಿಲ್ಲದ ಮನೆಯ ಬಾಗಿಲು ತೆಗೆಯುವುದು ಹೇಗೆ ಎಂದು ನನಗೇ ಅಳು ಬಂತು. ತಿಪ್ಪಸಂದ್ರದ ಬಿಸಿಲಿಗೆ ಮನಸ್ಸಿನಲ್ಲೇ ಕೈಮುಗಿದೆ.

ಸಂಜೆಯ ಹೊತ್ತಿಗೆ ಬೆಳ್ಳಿ ತಲೆಯೆತ್ತಿ, ಒಂದು ಸಲ ಬಾಲ ಅಲ್ಲಾಡಿಸಿತು. "ಇನ್ಮೇಲೆ ಬಿಸ್ಲಲ್ಲಿ ಹೊರಗ್ ಬಿಡ್ಬೇಡಿ" ಎಂದರು ಡಾಕ್ಟರಮ್ಮ. ಶಾಂತಾ ಕಣ್ಣೊರೆಸಿಕೊಂಡು ನನ್ನ ಕಡೆ ಕೈ ತೋರಿಸಿದಳು: "ಇವರನ್ನ ಬಿಡಬಹುದೇನ್ರಿ?"

ಈಗ ಬೆಳ್ಳಿ ಬೆಳಗಿನ ತಂಪಿನಲ್ಲಿ ಅವಳ ಜೊತೆ ವಾಕಿಂಗ್ ಹೋಗುತ್ತದೆ. ಹಗ್ಗ ಹಿಡಿಯುವ ಅಧಿಕಾರ ನನಗಿನ್ನೂ ವಾಪಸ್ ಸಿಕ್ಕಿಲ್ಲ. ನೀರಿನ ಬಾಟಲಿ ಹಿಡಿದು ಹಿಂದೆ ನಡೆಯುತ್ತೇನೆ. ಬಾಯಾರಿದರೆ ಮೊದಲು ಬೆಳ್ಳಿ ಕುಡಿಯುತ್ತದೆ. ಉಳಿದರೆ ನಾನು.