ಕಲ್ಲಟ್ಟಿ ತಿರುವಿನಲ್ಲಿ ನನ್ನ ನಾಲ್ಕು ಬೆರಳು

ವೈದ್ಯರ ಮುಂದೆ, ವಕೀಲರ ಮುಂದೆ ಸುಳ್ಳು ಹೇಳಬಾರದು ಎಂದು ಹಿರಿಯರು ಹೇಳುತ್ತಿದ್ದರು. ಅವರಿಗೆ ಬೈಕ್ ಇದ್ದಿದ್ದರೆ ಮೆಕ್ಯಾನಿಕ್‌ನನ್ನೂ ಖಂಡಿತ ಸೇರಿಸುತ್ತಿದ್ದರು. ನಾನು ಒಬ್ಬರಿಗಲ್ಲ, ಇಬ್ಬರು ಮೆಕ್ಯಾನಿಕ್‌ಗಳಿಗೆ ಸುಮಾರು ಒಂದು ವರ್ಷ ಸುಳ್ಳು ಹೇಳಿದವನು. ಸುಳ್ಳು ಅನ್ನುವುದಕ್ಕಿಂತ, ಹೇಳಬೇಕಾದ್ದನ್ನು ಹೇಳಲಿಲ್ಲ ಅನ್ನಿ. ನನ್ನ ಹೆಂಡತಿ ಗಿರಿಜೆಯ ಪ್ರಕಾರ ಎರಡೂ ಒಂದೇ.

ನಮ್ಮ ಮನೆ ಮೇಲೆ, ಊಟಿಯ ಪಕ್ಕದಲ್ಲಿ. ನನ್ನ ಮೇಷ್ಟ್ರ ಕೆಲಸ ಕೆಳಗೆ, ಮಸಿನಗುಡಿಯಲ್ಲಿ. ನಡುವೆ ಕಲ್ಲಟ್ಟಿ ಘಾಟಿ, ಮೂವತ್ತಾರು ತಿರುವು. ನನ್ನ ಬೈಕ್‌ಗೆ ನನ್ನ ಮದುವೆಗಿಂತ ಎರಡು ವರ್ಷ ಹೆಚ್ಚು ವಯಸ್ಸು. ಹೆಣ್ಣು ನೋಡಲು ಹೋದದ್ದೂ ಅದರ ಮೇಲೆಯೇ. ಮೇಲಿನ ಚಳಿಯಲ್ಲಿ ಅದು ನಿಂತಲ್ಲೇ ಗುಡುಗುಡು ಅಂದು ಆರಿಹೋಗುತ್ತಿತ್ತು. ಮನೆಯ ಹತ್ತಿರದ ಸೆಲ್ವರಾಜ್ ತಲೆ ಬಾಗಿಸಿ ಎಂಜಿನ್ನಿಗೆ ಕಿವಿಗೊಟ್ಟು, ನಿಂತಾಗ ಎಂಜಿನ್ ಓಡುವ ವೇಗದ ಸಣ್ಣ ಸ್ಕ್ರೂ ತಿರುಗಿಸಿ, "ಐಡ್ಲಿಂಗ್ ಕಮ್ಮಿ ಇತ್ತು ಸಾರ್. ಬೇರೆ ಯಾರಾದ್ರೂ ಕೈ ಹಾಕಿದ್ರಾ?" ಅನ್ನುತ್ತಿದ್ದ. "ಛೆ ಛೆ, ಯಾರೂ ಇಲ್ಲಪ್ಪ" ಅನ್ನುತ್ತಿದ್ದೆ ನಾನು. ಅದೇ ಬೈಕ್ ಮಸಿನಗುಡಿಯ ಸೆಕೆಗೆ ಇಳಿದ ಕೂಡಲೇ ಶಾಲೆಯ ಗೇಟಿನಲ್ಲಿ ಸುಮ್ಮನೆ ನಿಂತೇ ಅರಚುತ್ತಿತ್ತು; ಮಕ್ಕಳು ಪ್ರಾರ್ಥನೆ ಬಿಟ್ಟು ನನ್ನ ಕಡೆ ತಿರುಗುತ್ತಿದ್ದರು. ಆಗ ಅಲ್ಲಿಯ ಬಶೀರ್ ಕಾಕಾ, "ಅಯ್ಯೋ ಸಾರೇ, ಇದನ್ನ ಯಾರು ಇಷ್ಟು ಏರಿಸಿದ್ದು?" ಎಂದು ಅದೇ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸುತ್ತಿದ್ದರು. "ಗೊತ್ತಿಲ್ಲ ಕಾಕಾ" ಅನ್ನುತ್ತಿದ್ದೆ. ಸಂಜೆ ಏರಿನಲ್ಲಿ ಬೈಕ್ ಮತ್ತೆ ಆರಿಹೋಗುತ್ತಿತ್ತು.

ನಿಜ ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಗೆ ಹೇಳಲಿ ಸ್ವಾಮಿ? ಒಮ್ಮೆ ಜಡಿಮಳೆಯಲ್ಲಿ ಸೆಲ್ವರಾಜ್ ತಲೆಗೆ ಗೋಣಿಚೀಲ ಹೊದ್ದು ನನಗೋಸ್ಕರ ಎಂಟನೇ ತಿರುವಿನವರೆಗೆ ಬಂದಿದ್ದ. ಕಾಕಾ ಹಾಲಿಲ್ಲದ ಬಿಸಿ ಚಹಾ ಕುಡಿಸದೆ ಕಳಿಸಿದವರೇ ಅಲ್ಲ. ಇಂಥವರಿಗೆ "ನಿಮ್ಮ ಹಾಗೇ ಇನ್ನೊಬ್ಬರಿದ್ದಾರೆ" ಅನ್ನಲು ನನ್ನ ನಾಲಿಗೆ ಏಳಲಿಲ್ಲ.

ಹೀಗಿರುವಾಗ ಒಂದು ಸಂಜೆ ತಿರುವಿನ ನಟ್ಟನಡುವೆ ಎಂಜಿನ್ ಆರಿ, ಬೈಕ್ ಹಿಂದಕ್ಕೆ ಜಾರತೊಡಗಿತು. ಲಂಟಾನ ಪೊದೆಯ ಪಕ್ಕ ಒಂದು ಕಾಡೆಮ್ಮೆ ನಿಂತು ನನ್ನನ್ನೇ ನೋಡುತ್ತಿತ್ತು. ಪಾಪ, ಅದು ಏನೂ ಮಾಡಲಿಲ್ಲ. ಮಾಡಿದ್ದೆಲ್ಲ ನಾನೇ. ಅಂದಿನಿಂದ, ಎಂಜಿನ್ ಮತ್ತೆ ಆರದಿರಲಿ ಎಂದು ಪ್ರತಿ ತಿರುವಿನಲ್ಲೂ ಎಡಗೈಯ ನಾಲ್ಕು ಬೆರಳನ್ನು ಕ್ಲಚ್ ಮೇಲಿಟ್ಟು, ಅರ್ಧ ಒತ್ತಿ ಹಿಡಿದು, ಬಲಗೈಯಲ್ಲಿ ಆಕ್ಸಿಲರೇಟರ್ ತಿರುಚಿ ಏರುವುದು ಅಭ್ಯಾಸವಾಯಿತು. ಇದಕ್ಕೆ ನಾನು ಜಾಗ್ರತೆ ಎಂದು ಹೆಸರಿಟ್ಟುಕೊಂಡೆ. ಕೆಲವು ತಿಂಗಳಲ್ಲಿ ಎಂಜಿನ್ ಊರೆಲ್ಲ ಕೇಳುವಂತೆ ಕೂಗುತ್ತಿತ್ತು, ಬೈಕ್ ಮಾತ್ರ ಏರುತ್ತಿರಲಿಲ್ಲ. ಜೊತೆಗೆ ಏನೋ ಸುಟ್ಟ ವಾಸನೆ.

ಕಳೆದ ತಿಂಗಳು ಮಸಿನಗುಡಿಯಲ್ಲಿ ಗಿರಿಜೆಯ ತಂಗಿಯ ಮಗುವಿನ ನಾಮಕರಣ ಮುಗಿಸಿ ಬರುವಾಗ ಬೈಕ್ ಕೈಕೊಟ್ಟೇಬಿಟ್ಟಿತು. ಅವಳು ರೇಷ್ಮೆ ಸೀರೆ ಎತ್ತಿ ಹಿಡಿದು ಎರಡು ತಿರುವು ನಡೆದಳು. ಮನೆ ಸೇರಿದ ಮೇಲೆ ಒಂದೇ ಮಾತು: "ಇನ್ನೊಂದ್ ಸಲ ಹೀಗಾದ್ರೆ ಇದನ್ನ ಮಾರ್ಬಿಡಿ. ಬಸ್ಸಲ್ಲಿ ಹೋಗಿ." ಅವಳನ್ನು ಮೊದಲು ನೋಡಲು ಹೋದ ಬೈಕನ್ನು ಮಾರು ಎಂದು ಅವಳೇ ಹೇಳಬೇಕೆ?

ಶನಿವಾರ ಅವಳೇ ನನ್ನನ್ನು ಸೆಲ್ವರಾಜನ ಅಂಗಡಿಗೆ ಕರೆದುಕೊಂಡು ಹೋದಳು. ಹೋದವಳು ಸುಮ್ಮನಿರದೆ ಕಾಕಾಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಬೈಕಿನ ಸೀಟಿನ ಮೇಲಿಟ್ಟು, ಈ ಬೈಕಿಗೆ ಇಬ್ಬರು ಮೆಕ್ಯಾನಿಕ್ ಎಂದು ಇಬ್ಬರಿಗೂ ಹೇಳಿಬಿಟ್ಟಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಮೇಲೆ ಸೆಲ್ವರಾಜ್, "ಓಹೋ, ಇಳಿಸೋರು ನೀವೇನಾ?" ಅಂದ. "ಏರಿಸೋದು ನೀನಾ ಮೋನೇ, ಮಗನೇ?" ಎಂದು ಕಾಕಾ ಅಲ್ಲಿಂದ ಬಿದ್ದು ಬಿದ್ದು ನಕ್ಕರು. ಮೇಲೆ ಗಾಳಿ ತೆಳು, ಚಳಿ ಬೇರೆ, ಅಲ್ಲಿಗೆ ಐಡ್ಲಿಂಗ್ ಸ್ವಲ್ಪ ಹೆಚ್ಚು ಬೇಕು, ಕೆಳಗೆ ಅಷ್ಟು ಬೇಡ. ಎರಡಕ್ಕೂ ನಡುವೆ ಒಂದು ಕಡೆ ಇಟ್ಟು ಇನ್ನು ಯಾರೂ ಮುಟ್ಟಬಾರದು ಎಂದು ಐದೇ ನಿಮಿಷದಲ್ಲಿ ತೀರ್ಮಾನವಾಯಿತು. ನನ್ನನ್ನು ಯಾರೂ ಒಂದು ಮಾತೂ ಕೇಳಲಿಲ್ಲ.

ಆಮೇಲೆ ಸೆಲ್ವರಾಜ್ ಕ್ಲಚ್ ಬಿಚ್ಚಿದ. ಪ್ಲೇಟುಗಳು ಸೀದ ದೋಸೆಯ ಹಾಗೆ ಕಪ್ಪಗಿದ್ದವು. "ಸಾರ್, ಕ್ಲಚ್ ಹಿಡ್ಕೊಂಡೇ ಓಡಿಸ್ತೀರಾ? ಉಜ್ಜಿ ಉಜ್ಜಿ ಸುಟ್ಟಿದೆ."

"ಎಲ್ಲಾದರೂ ಉಂಟೇ!" ಅಂದೆ.

"ಹಿಡ್ಕೊಂಡೇ ಓಡಿಸ್ತಾರೆ. ಹಿಂದೆ ಕೂತಾಗೆಲ್ಲ ನೋಡ್ತಿಲ್ವಾ?" ಅಂದಳು ಗಿರಿಜೆ. ಆಮೇಲೆ ದನಿ ತಗ್ಗಿಸಿ, "ಭಯ ಆದ್ರೆ ಭಯ ಅನ್ನಿ. ಯಾರೂ ನಗಲ್ಲ" ಅಂದಳು. ಮೂವರೂ ನಕ್ಕರು, ಫೋನಿನಲ್ಲಿದ್ದವರೂ ಸೇರಿ.

ಹೊಸ ಪ್ಲೇಟು ಹಾಕಿಸಿ ಭಾನುವಾರ ತಂಗಿಯ ಮನೆಗೆ ಇಳಿದೆವು. ವಾಪಸ್ ಬರುವಾಗ, ಇದೇ ಕೊನೆಯ ಪರೀಕ್ಷೆ ಎಂದು ಅವಳೇ ಹ್ಯಾಂಡಲ್ ಹಿಡಿದಳು. ಮದುವೆಗೆ ಮುಂಚೆ ಅಣ್ಣನ ಬೈಕಿನಲ್ಲಿ ಚಹಾ ಎಲೆಯ ಮೂಟೆ ಸಾಗಿಸಿದವಳು ಅವಳು. ತಿರುವಿಗೆ ಮೊದಲೇ ಗೇರ್ ಇಳಿಸಿ, ಕ್ಲಚ್ ಪೂರ್ತಿ ಬಿಟ್ಟು, ನಿರಾಳವಾಗಿ ಏರಿಸಿದಳು. ಬೈಕ್ ಒಮ್ಮೆಯೂ ಕೆಮ್ಮಲಿಲ್ಲ. ಇನ್ನು ಮಾರುವ ಮಾತಿಲ್ಲ ಎಂದು ನನಗೆ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಮುಂದಿನಿಂದ ದನಿ ಬಂತು:

"ರೀ, ನನ್ನ ಹೆಗಲು ಬಿಡಿ. ಒಂದೊಂದು ತಿರುವಿಗೂ ಹಿಡಿದು ಹಿಸುಕ್ತಿದ್ದೀರಿ. ಇದು ಸುಟ್ಟುಹೋದ್ರೆ ಸೆಲ್ವರಾಜ್ ಹತ್ರ ಹೊಸದು ಸಿಗಲ್ಲ."

"ಭಯ ಆಗ್ತಿದೆ ಕಣೇ" ಅಂದೆ. ಒಂದು ವರ್ಷದಲ್ಲಿ ನಾನು ಆಡಿದ ಮೊದಲ ನಿಜ ಅದು. ಇನ್ನೂ ಐದು ತಿರುವು ಬಾಕಿ ಇದ್ದವು, ಅವಳ ಹೆಗಲಿಂದ ಬೆರಳು ತೆಗೆಯಲಿಲ್ಲ.